ಭಾರ ಎಲ್ಲಿ ಕೂರಬೇಕು? ಎತ್ತಿನ ಗಾಡಿಯಿಂದ ಗೂಸ್‌ನೆಕ್ ಕೊಂಡಿಯವರೆಗೆ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯು ಶಾಂತಿನಾಥ ಬಸದಿಗೂ ತ್ರಿಮೂರ್ತಿ ನಾರಾಯಣ ದೇವಾಲಯಕ್ಕೂ ಹೆಸರಾದ ಊರು. ಶಿಕಾರಿಪುರ, ಸೊರಬಗಳ ಈ ಸೀಮೆ ಬತ್ತ, ಮೆಕ್ಕೆಜೋಳ, ಅಡಕೆಗಳನ್ನು ಬೆಳೆಯುವ ನಾಡು. ಸುಗ್ಗಿಯ ಕಾಲದಲ್ಲಿ ಇಂತಹ ಊರಿನ ದಾರಿಯಲ್ಲಿ ನಿಂತರೆ ಯಂತ್ರಶಾಸ್ತ್ರದ ಒಂದು ಪಾಠವೇ ಕಣ್ಣೆದುರು ಸಾಗುವುದು. ವಿರಳವಾಗುತ್ತಿರುವ ಎತ್ತಿನ ಗಾಡಿ, ಟ್ರೇಲರನ್ನು ಎಳೆಯುವ ಟ್ರ್ಯಾಕ್ಟರು, ಮೂಟೆ ಹೊತ್ತ ಪಿಕಪ್ ವಾಹನ, ಇವೆಲ್ಲವೂ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕು: ಭಾರವು ಎಲ್ಲಿ ಕೂರಬೇಕು? ಲಘು ಪಿಕಪ್ ವಾಹನಕ್ಕೆ ಟ್ರೇಲರಿನ ಕೊಂಡಿಯನ್ನು ಜೋಡಿಸುವ ವಿಷಯವನ್ನು ತೆಗೆದುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡೋಣ.

ಗಾಡಿಯ ಪಾಠ

ಎರಡು ಗಾಲಿಯ ಗಾಡಿಯು ಒಂದು ಸನ್ನೆಗೋಲು. ಅಚ್ಚು ಅದರ ಆಧಾರಬಿಂದು. ಅನುಭವಿಯಾದ ಗಾಡಿಕಾರನು ಮೂಟೆಗಳನ್ನು ಹೇರುವಾಗ ಭಾರವು ಅಚ್ಚಿನಿಂದ ತುಸು ಮುಂದಕ್ಕೆ ಬೀಳುವಂತೆ ನೋಡಿಕೊಳ್ಳುತ್ತಾನೆ. ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳನ್ನು ಬಿಗಿಯುವುದು. ಅತಿಯಾಗಿ ಮುಂದಕ್ಕೆ ಬಿದ್ದರೆ ನೊಗವೇ ಹೊರೆಯಾಗುವುದು.

ಮೋಟಾರು ವಾಹನದ ಟ್ರೇಲರಿಗೂ ಇದೇ ನಿಯಮ. ಅದರ ತೂಕದಲ್ಲಿ ಒಂದು ಪಾಲು ಕೊಂಡಿಯ ಮೇಲೆ ಒತ್ತಲೇಬೇಕು. ಒತ್ತದಿದ್ದರೆ ವೇಗ ಹೆಚ್ಚಿದಂತೆ ಟ್ರೇಲರು ಹಾವಿನಂತೆ ಓಲಾಡತೊಡಗಿ, ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎಂಬ ಗಾದೆ ನಿಜವಾಗುವುದು.

ಎರಡು ಸ್ಥಾನಗಳು, ಎರಡು ಫಲಗಳು

ಕೊಂಡಿಯನ್ನು ಸಾಮಾನ್ಯವಾಗಿ ವಾಹನದ ಹಿಂಬದಿಯ ತುದಿಯಲ್ಲಿ ಜೋಡಿಸುತ್ತಾರೆ. ಇದರ ಫಲವನ್ನು ಲೆಕ್ಕದಿಂದ ತಿಳಿಯೋಣ. ಪಿಕಪ್ಪಿನ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 3 ಮೀಟರ್ ಅಂತರವಿರಲಿ. ಕೊಂಡಿಯು ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದಿರಲಿ. ಅದರ ಮೇಲೆ 200 ಕಿಲೋಗ್ರಾಂ ಭಾರ ಬೀಳಲಿ. ಹಿಂದಿನ ಅಚ್ಚೇ ಆಧಾರವಾಗಿ, 200ನ್ನು 1.2ರಿಂದ ಗುಣಿಸಿ 3ರಿಂದ ಭಾಗಿಸಿದರೆ 80 ಬರುತ್ತದೆ. ಮುಂದಿನ ಗಾಲಿಗಳ ಮೇಲಿನ ಭಾರವು 80 ಕಿಲೋಗ್ರಾಂ ಕಡಿಮೆಯಾಗುವುದು. ಹಿಂದಿನ ಅಚ್ಚಿನ ಮೇಲೆ 200 ಅಲ್ಲ, 280 ಕಿಲೋಗ್ರಾಂ ಹೆಚ್ಚುವುದು. ವಾಹನವನ್ನು ತಿರುಗಿಸುವುದು ಮುಂದಿನ ಗಾಲಿಗಳು. ಅವು ಹಗುರಾದಷ್ಟೂ ನೆಲದ ಹಿಡಿತ ಕುಂದುವುದು. ಭಾರಿ ಟ್ರೇಲರು ಎಳೆಯುವ ಟ್ರ್ಯಾಕ್ಟರಿನ ಮುಂಗಾಲಿಗಳು ಏರಿನಲ್ಲಿ ನೆಲ ಬಿಡುವುದನ್ನು ಓದುಗರಲ್ಲಿ ಹಲವರು ಕಂಡಿರಬಹುದು.

ಈಗ ಅದೇ ಕೊಂಡಿಯನ್ನು ಪಿಕಪ್ಪಿನ ಸರಕಿನ ತೊಟ್ಟಿಯೊಳಗೆ, ಹಿಂದಿನ ಅಚ್ಚಿನಿಂದ 15 ಸೆಂಟಿಮೀಟರ್ ಮುಂದಕ್ಕೆ ಇರಿಸೋಣ. ಆಗ 200 ಕಿಲೋಗ್ರಾಂ ಭಾರದಲ್ಲಿ 190 ಹಿಂದಿನ ಅಚ್ಚಿಗೂ 10 ಮುಂದಿನ ಅಚ್ಚಿಗೂ ಹಂಚಿಕೆಯಾಗುವುದು. ಮುಂದಿನ ಗಾಲಿಗಳು ಹಗುರಾಗುವುದಿಲ್ಲ. ಇದೇ ಗೂಸ್‌ನೆಕ್ ಕೊಂಡಿಯ ಗುಟ್ಟು. ಟ್ರೇಲರಿನ ಮುಂಭಾಗವು ಹೆಬ್ಬಾತಿನ ಕೊರಳಿನಂತೆ ಮೇಲೆದ್ದು, ತೊಟ್ಟಿಯ ಹಿಂಬಾಗಿಲನ್ನು ದಾಟಿ ಬಾಗಿ, ಒಳಗಿರುವ ಉಕ್ಕಿನ ಗುಂಡಿನ ಮೇಲೆ ಕೂರುವುದರಿಂದ ಈ ಹೆಸರು ಬಂದಿದೆ. ಅಮೆರಿಕದಲ್ಲಿ ದನ, ಕುದುರೆ, ಹುಲ್ಲು ಸಾಗಿಸಲು ಇದು ಬಹಳ ಬಳಕೆಯಲ್ಲಿದೆ. ನಮ್ಮಲ್ಲಿ ಇದು ಅಪರೂಪವಾದರೂ ಇದರ ತತ್ತ್ವ ಹೊಸದಲ್ಲ. ರಾಣೆಬೆನ್ನೂರು, ಹಾವೇರಿಗಳ ಮೂಲಕ ಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕಾಣುವ ಉದ್ದನೆಯ ಟ್ರೇಲರ್ ಲಾರಿಗಳಲ್ಲಿಯೂ ಜೋಡಣೆಯು ಎಳೆಯುವ ಲಾರಿಯ ಹಿಂದಿನ ಅಚ್ಚುಗಳ ಮೇಲೆಯೇ ಇರುತ್ತದೆ.

ಜೋಡಿಸುವ ಕ್ರಮ

ತೊಟ್ಟಿಯ ತಳ ಬರಿಯ ತಗಡು. ಎಳೆತವನ್ನು ಅದು ತಾಳದು. ಆದುದರಿಂದ ಮೊದಲು ಹಿಂದಿನ ಅಚ್ಚಿನ ಮಧ್ಯರೇಖೆಯನ್ನು ಅಳೆದು ಗುರುತಿಸಿ, ಗುಂಡು ಅದರ ನೇರಕ್ಕೆ ಇಲ್ಲವೆ ತುಸು ಮುಂದಕ್ಕೆ ಬರುವಂತೆ ಸ್ಥಾನವನ್ನು ಗೊತ್ತುಮಾಡಬೇಕು. ಷಾಸಿಯ ಎರಡು ಉದ್ದ ತೊಲೆಗಳಿಗೆ ತೊಟ್ಟಿಯ ಕೆಳಗಿನಿಂದ ಉಕ್ಕಿನ ಅಡ್ಡತೊಲೆಗಳನ್ನು ಗಟ್ಟಿ ಬೋಲ್ಟುಗಳಿಂದ ಬಿಗಿಯುವರು. ಗುಂಡಿನ ಕಾಂಡವು ತಗಡಿನ ರಂಧ್ರದ ಮೂಲಕ ಈ ತೊಲೆಗಳಲ್ಲಿ ನೆಲೆಗೊಳ್ಳುವುದು. ಬ್ರೇಕಿನ ಕೊಳವೆ, ಇಂಧನದ ತೊಟ್ಟಿ, ವಿದ್ಯುತ್ ತಂತಿಗಳು ಎಲ್ಲಿವೆಯೆಂದು ನೋಡದೆ ರಂಧ್ರ ಕೊರೆಯುವುದು ಅಪಾಯಕರ. ಬೋಲ್ಟುಗಳನ್ನು ತಯಾರಕರು ಹೇಳಿದ ಬಿಗಿತಕ್ಕೆ ಅಳತೆಯ ಪಾನದಿಂದ ಬಿಗಿದು, ಮೊದಲ ಕೆಲವು ಪ್ರಯಾಣಗಳ ಅನಂತರ ಮತ್ತೆ ಪರೀಕ್ಷಿಸಬೇಕು. ಗುಂಡು ಕಳಚಿದರೂ ಟ್ರೇಲರು ಬೇರ್ಪಡದಂತೆ ಎರಡು ಸರಪಳಿಗಳೂ, ಟ್ರೇಲರಿಗೆ ದೀಪ, ಬ್ರೇಕುಗಳ ಸಂಪರ್ಕವೂ ಅವಶ್ಯ. ತೊಟ್ಟಿ ಗಿಡ್ಡದಾಗಿದ್ದರೆ ಕಡುತಿರುವಿನಲ್ಲಿ ಟ್ರೇಲರಿನ ಮೂಗು ಚಾಲಕನ ಕೋಣೆಗೆ ತಗುಲಬಹುದು. ಇದನ್ನು ಮೊದಲೇ ಅಳೆದು ನೋಡಬೇಕು.

ಕೊಂಡಿಯು ಬಲವನ್ನು ಹೆಚ್ಚಿಸದು

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸುವುದು ಅಗತ್ಯ. ಗೂಸ್‌ನೆಕ್ ಹಾಕಿದೊಡನೆ ಲಘು ವಾಹನವು ಭಾರಿ ವಾಹನವಾಗುವುದಿಲ್ಲ. ಇಂತಹ ಟ್ರೇಲರಿನಲ್ಲಿ ಒಟ್ಟು ತೂಕದ ಶೇಕಡ 15ರಿಂದ 25ರಷ್ಟು ಗುಂಡಿನ ಮೇಲೆ ಬೀಳುವುದು ವಾಡಿಕೆ. ಹಿಂದುದಿಯ ಕೊಂಡಿಯಲ್ಲಾದರೆ ಇದು ಸುಮಾರು 10ರಿಂದ 15 ಮಾತ್ರ. ಒಂದು ಪಿಕಪ್ಪಿನ ಖಾಲಿ ತೂಕ 1,700 ಕಿಲೋಗ್ರಾಂ, ಅನುಮತಿಯಿರುವ ಒಟ್ಟು ತೂಕ 2,500 ಎಂದಿಟ್ಟುಕೊಳ್ಳೋಣ. ಅದು ಹೊರಬಲ್ಲುದು 800. ಟ್ರೇಲರು 3,500 ಕಿಲೋಗ್ರಾಂ ಇದ್ದು, ಅದರ ಶೇಕಡ 20 ಗುಂಡಿನ ಮೇಲೆ ಬಿದ್ದರೆ 700 ಆಯಿತು. ಇಬ್ಬರು ಮನುಷ್ಯರು 130, ಕೊಂಡಿಯ ಉಕ್ಕು 50; ಒಟ್ಟು 880. ತೊಟ್ಟಿಯಲ್ಲಿ ಒಂದು ಮೂಟೆಯನ್ನೂ ಇಡದೆಯೇ ಮಿತಿ ಮೀರಿತು! ಎಂಜಿನು ಎಳೆಯುತ್ತದೆಯೆಂಬುದು ಇಲ್ಲಿ ಸಮಾಧಾನವಲ್ಲ. ಟೈರು, ಸ್ಪ್ರಿಂಗು, ಅಚ್ಚು, ಬ್ರೇಕು ಇವು ತಾಳಬೇಕು. ಏರನ್ನು ಹತ್ತಿದ ವಾಹನವು ಇಳಿಜಾರಿನಲ್ಲಿ ನಿಲ್ಲಬಲ್ಲುದೆ ಎಂಬುದೇ ನಿಜವಾದ ಪರೀಕ್ಷೆ. ಕಾನೂನೂ ಇದನ್ನು ಗಮನಿಸಿದೆ. 1988ರ ಮೋಟಾರು ವಾಹನಗಳ ಅಧಿನಿಯಮದಲ್ಲಿ ಟ್ರೇಲರೂ ಮೋಟಾರು ವಾಹನವೆಂದೇ ಎಣಿಕೆಯಾಗಿದೆ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಅದರ 52ನೆಯ ಪ್ರಕರಣವು ನಿರ್ಬಂಧಿಸುತ್ತದೆ.

ನೀವೇ ಮಾಡಿ ನೋಡಿ

30 ಸೆಂಟಿಮೀಟರಿನ ಅಳತೆಪಟ್ಟಿಯೊಂದನ್ನು ಎರಡು ಪೆನ್ಸಿಲುಗಳ ಮೇಲಿಡಿ. ಒಂದು ಪೆನ್ಸಿಲು ಸೊನ್ನೆಯ ತುದಿಯಲ್ಲಿ, ಇನ್ನೊಂದು 20ರ ಗುರುತಿನಲ್ಲಿರಲಿ. ಇವೇ ಮುಂದಿನ, ಹಿಂದಿನ ಅಚ್ಚುಗಳು. 29ರ ಗುರುತಿನ ಮೇಲೆ ನಾಣ್ಯಗಳನ್ನು ಒಂದೊಂದಾಗಿ ಪೇರಿಸಿ. ಕೆಲವೇ ನಾಣ್ಯಗಳಿಗೆ ಸೊನ್ನೆಯ ತುದಿ ಮೇಲೇಳುವುದು. ಅಷ್ಟೇ ನಾಣ್ಯಗಳನ್ನು 19ರ ಗುರುತಿನ ಮೇಲಿಟ್ಟರೆ ಪಟ್ಟಿ ಅಲುಗದು. ಇನ್ನೂ ಪೇರಿಸುತ್ತ ಹೋದರೂ ತುದಿ ಏಳದು. ಆದರೆ ಹಿಂದಿನ ಪೆನ್ಸಿಲು ಹೊರುವ ಹೊರೆ ಮಾತ್ರ ಏರುತ್ತಲೇ ಇರುವುದು. ಭಾರದ ಸ್ಥಾನವನ್ನು ನಾವು ಆರಿಸಿಕೊಳ್ಳಬಹುದು; ಭಾರವನ್ನು ಇಲ್ಲವಾಗಿಸಲಾರೆವು.