ಹಳ್ಳಿಯ ಶಾಲೆಗೆ ಬಂದ ವಿಜ್ಞಾನಿಗಳು

ಒಂದು ಮೇಜಿನ ಉದ್ದವನ್ನು ಆರು ಮಂದಿ ಬೇರೆ ಬೇರೆಯಾಗಿ ಅಳೆದು, ಒಬ್ಬರ ಅಳತೆಯನ್ನು ಇನ್ನೊಬ್ಬರಿಗೆ ತೋರಿಸದೆ ಬರೆದಿಟ್ಟರೆ ಏನಾದೀತು? ಮೇಜು ಒಂದೇ ಆದುದರಿಂದ ಆರು ಅಳತೆಗಳೂ ಒಂದೇ ಆಗಿರಬೇಕೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಮಿಲಿಮೀಟರಿನವರೆಗೆ ಅಳೆದು ನೋಡಿದವರಿಗೆ ಮಾತ್ರ ಹಾಗಾಗುವುದಿಲ್ಲವೆಂಬುದು ಗೊತ್ತು. ಒಬ್ಬನಿಗೆ 120.4 ಸೆಂಟಿಮೀಟರು, ಇನ್ನೊಬ್ಬನಿಗೆ 120.7, ಮತ್ತೊಬ್ಬನಿಗೆ 120.0, ಉಳಿದವರಿಗೆ 120.5, 120.4, 120.6 ಎಂದು ಬಂದಿತೆನ್ನೋಣ. ಇವುಗಳಲ್ಲಿ ಸರಿಯಾದುದು ಯಾವುದು?

ಉಪಾಧ್ಯಾಯರು ತಾವೇ ಒಮ್ಮೆ ಅಳೆದು, “ಇದು ಸರಿ, ಉಳಿದವೆಲ್ಲ ತಪ್ಪು” ಎಂದು ತೀರ್ಪು ಕೊಟ್ಟುಬಿಟ್ಟರೆ ಪಾಠ ಅಲ್ಲಿಗೆ ಮುಗಿಯುತ್ತದೆ. ವಿಜ್ಞಾನವೂ ಅಲ್ಲಿಗೆ ಮುಗಿಯುತ್ತದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಮಾಧ್ಯಮಿಕ ಶಾಲೆಗಳಲ್ಲಿ 1972ರಿಂದ ಮೊದಲ್ಗೊಂಡು ಮೂವತ್ತು ವರ್ಷಗಳ ಕಾಲ ಈ ತೀರ್ಪನ್ನು ಕೊಡದೆ ಪಾಠ ಹೇಳುವ ಪ್ರಯತ್ನವೊಂದು ನಡೆಯಿತು. ಅದರ ಹಿಂದೆ ನಿಂತವರಲ್ಲಿ ಅನೇಕರು ಸಂಶೋಧನಾಲಯಗಳಲ್ಲಿಯೂ ವಿಶ್ವವಿದ್ಯಾನಿಲಯಗಳಲ್ಲಿಯೂ ದುಡಿಯುತ್ತಿದ್ದ ವಿಜ್ಞಾನಿಗಳು ಎಂಬುದೇ ಅದರ ವಿಶೇಷ.

ನರ್ಮದಾ ನದಿಯ ದಕ್ಷಿಣ ದಡದಲ್ಲಿರುವ ಈ ಜಿಲ್ಲೆಗೆ ಈಗ ನರ್ಮದಾಪುರಂ ಎಂದು ಹೆಸರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನದ ಕೆಲಸದಲ್ಲಿದ್ದ ಅನಿಲ್ ಸದ್‌ಗೋಪಾಲರು ಅದನ್ನು ಬಿಟ್ಟು ಬಂದು ಇಲ್ಲಿಯ ಬನಖೇಡಿಯ ಸಮೀಪದಲ್ಲಿ ‘ಕಿಶೋರ ಭಾರತಿ’ ಎಂಬ ಸಂಸ್ಥೆಯನ್ನು ಕಟ್ಟಿದರು. ಹೋಶಂಗಾಬಾದಿನ ಬಳಿ ರಸೂಲಿಯಾದಲ್ಲಿ ಕ್ವೇಕರ್ ಪಂಥದವರ ಗ್ರಾಮಕೇಂದ್ರವೊಂದು ಮೊದಲಿನಿಂದಲೇ ಇದ್ದಿತು. ಈ ಎರಡು ಸಂಸ್ಥೆಗಳೂ ಸೇರಿ ಸರಕಾರದ ಒಪ್ಪಿಗೆ ಪಡೆದು 16 ಸರಕಾರಿ ಶಾಲೆಗಳಲ್ಲಿ ಆರು, ಏಳು ಮತ್ತು ಎಂಟನೆಯ ತರಗತಿಗಳಿಗೆ ಹೊಸ ಬಗೆಯ ವಿಜ್ಞಾನಬೋಧೆಯನ್ನು ಆರಂಭಿಸಿದುವು. ಟಾಟಾ ಸಂಸ್ಥೆಯ ವಿಜ್ಞಾನಿಗಳು ಮೊದಲು ನೆರವಿಗೆ ಬಂದರು. ಸ್ವಲ್ಪ ಕಾಲದಲ್ಲಿಯೇ ದಿಲ್ಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರು ಕೂಡಿಕೊಂಡರು. ನಗರದ ಪ್ರಯೋಗಾಲಯ ಬಿಟ್ಟು ಬಂದವರು ಬೇಸಗೆಯ ಬಿಸಿಲಿನಲ್ಲಿ ಹಳ್ಳಿಯ ಉಪಾಧ್ಯಾಯರ ಜೊತೆ ನೆಲದ ಮೇಲೆ ಕುಳಿತು ಪ್ರಯೋಗಗಳನ್ನು ಮಾಡಿದರು.

ಮತ್ತೆ ನಮ್ಮ ಮೇಜಿಗೆ ಬರೋಣ. ಹೋಶಂಗಾಬಾದಿನ ಪದ್ಧತಿಯಲ್ಲಿ ಮಕ್ಕಳು ನಾಲ್ಕು ನಾಲ್ಕು ಮಂದಿಯ ತಂಡಗಳಾಗಿ ಕುಳಿತು ಪ್ರಯೋಗ ಮಾಡುತ್ತಿದ್ದರು. ಅಳತೆಯ ಪಾಠದಲ್ಲಿ ಮುಖ್ಯ ವಿಷಯವೇ ಅಳತೆಗಳಲ್ಲಿ ಕಾಣುವ ಹೆಚ್ಚುಕಡಮೆ. ಇಂತಹ ಪಾಠದಲ್ಲಿ ಎಲ್ಲ ಅಳತೆಗಳನ್ನೂ ಕರಿಹಲಗೆಯ ಮೇಲೆ ಬರೆದ ಬಳಿಕ ಕೇಳತಕ್ಕ ಪ್ರಶ್ನೆ “ಯಾರದು ಸರಿ?” ಎಂಬುದಲ್ಲ, “ಏಕೆ ಬೇರೆಯಾಯಿತು?” ಎಂಬುದು. ಮೇಲಿನ ಆರು ಅಳತೆಗಳಲ್ಲಿ 120.0 ಎಂಬುದು ಉಳಿದವುಗಳಿಂದ ದೂರ ನಿಂತಿದೆ. ಹಾಗೆಂದು ಅದನ್ನು ಅಳಿಸಿಹಾಕುವ ಅಧಿಕಾರ ನಮಗಿಲ್ಲ, ಕಾರಣವನ್ನು ಹುಡುಕಬೇಕು. ಕೆಲವು ಅಳತೆಪಟ್ಟಿಗಳಲ್ಲಿ ಸೊನ್ನೆಯ ಗೆರೆಯು ಪಟ್ಟಿಯ ತುದಿಯಲ್ಲಿರದೆ ಒಂದು ಮಿಲಿಮೀಟರಿನಷ್ಟು ಒಳಗಿರುವುದುಂಟು. 30 ಸೆಂಟಿಮೀಟರಿನ ಅಂತಹ ಪಟ್ಟಿಯ ತುದಿಯನ್ನೇ ಸೊನ್ನೆಯೆಂದು ಹಿಡಿದು ನಾಲ್ಕು ಸಲ ಒಂದರ ಮುಂದೊಂದಾಗಿ ಇಟ್ಟರೆ ಅಳತೆಯಲ್ಲಿ ನಾಲ್ಕು ಮಿಲಿಮೀಟರು ಕಡಮೆಯಾಗಿಬಿಡುತ್ತದೆ. ಪಟ್ಟಿಯ ತುದಿ ಸವೆದಿದ್ದರೆ ಇದಕ್ಕೆ ವಿರುದ್ಧವಾಗಿ ಅಳತೆ ಹೆಚ್ಚು ಬರುತ್ತದೆ. ಕಣ್ಣನ್ನು ಗೆರೆಗೆ ನೇರವಾಗಿ ಇಡದೆ ಓರೆಯಾಗಿ ನೋಡಿದರೆ ಒಮ್ಮೆ ಹೆಚ್ಚು, ಒಮ್ಮೆ ಕಡಮೆ.

ಮೊದಲ ಎರಡು ಬಗೆಯ ದೋಷಗಳು ಪ್ರತಿಸಲವೂ ಒಂದೇ ಕಡೆಗೆ ಎಳೆಯುತ್ತವೆ. ಎಷ್ಟು ಸಲ ಅಳೆದು ಸರಾಸರಿ ತೆಗೆದರೂ ಅವು ಹೋಗವು. ಎರಡು ಕಡೆಗೂ ಚದುರುವ ದೋಷಗಳು ಮಾತ್ರ ಸರಾಸರಿಯಲ್ಲಿ ಒಂದನ್ನೊಂದು ತಕ್ಕಮಟ್ಟಿಗೆ ಕಳೆಯುತ್ತವೆ. ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಯೋಗಗಳನ್ನು ಮಾಡುವ ನಮ್ಮ ಓದುಗರಿಗೆ ಈ ಭೇದ ಪುಸ್ತಕದಲ್ಲಿ ಪರಿಚಿತವೇ. ಹನ್ನೊಂದು ವರ್ಷದ ಬಾಲಕನು ಒಂದು ಮರದ ಪಟ್ಟಿಯನ್ನು ತಿರುಗಿಸಿ ನೋಡಿ ತಾನೇ ಅದನ್ನು ಕಂಡುಕೊಳ್ಳಬಲ್ಲನೆಂದು ನಂಬುವುದಕ್ಕೆ ಮಾತ್ರ ಸ್ವಲ್ಪ ಧೈರ್ಯ ಬೇಕು.

ಸಸ್ಯವಿಜ್ಞಾನದ ಪಾಠ ಇನ್ನೂ ಸ್ವಾರಸ್ಯವಾದುದು. ಏಕದಳ ಸಸ್ಯಗಳಲ್ಲಿ ಎಲೆಯ ನರಗಳು ಸಮಾನಾಂತರವಾಗಿರುತ್ತವೆ, ಬೇರು ಗುಚ್ಛವಾಗಿರುತ್ತದೆ; ದ್ವಿದಳ ಸಸ್ಯಗಳಲ್ಲಿ ನರಗಳು ಬಲೆಯಂತೆ ಹೆಣೆದಿರುತ್ತವೆ, ತಾಯಿಬೇರು ಇರುತ್ತದೆ ಎಂದು ನಾವೆಲ್ಲ ಬಾಯಿಪಾಠ ಮಾಡಿದವರೇ. ಹೋಶಂಗಾಬಾದಿನ ಪುಸ್ತಕ ಇದನ್ನು ಹೇಳಲಿಲ್ಲ. ಮಕ್ಕಳು ಹೊಲಕ್ಕೂ ಬಯಲಿಗೂ ಹೋಗಿ ಗಿಡಗಳನ್ನು ಬೇರುಸಹಿತ ಕಿತ್ತು ತರಬೇಕು. ಒಂದು ಕೋಷ್ಟಕದಲ್ಲಿ ಎಲೆಯ ನರ ಹೇಗಿದೆ, ಬೇರು ಹೇಗಿದೆ ಎಂದು ಬರೆಯಬೇಕು. ಅನಂತರ ಎರಡಕ್ಕೂ ಏನಾದರೂ ಸಂಬಂಧ ಕಾಣುತ್ತದೆಯೇ ಎಂದು ನೋಡಬೇಕು. ಗೋಧಿ, ಜೋಳ, ಗರಿಕೆ ಒಂದು ಕಡೆ. ಕಡಲೆ, ತೊಗರಿ ಇನ್ನೊಂದು ಕಡೆ. ಕೋಷ್ಟಕ ತುಂಬುತ್ತ ಬಂದಂತೆ ನಿಯಮ ತಾನಾಗಿ ಮೇಲೆದ್ದು ಬರುತ್ತದೆ. ರೈತರ ಮಕ್ಕಳಿಗೆ ಗಿಡದ ಪರಿಚಯ ಉಪಾಧ್ಯಾಯರಿಗಿಂತ ಹೆಚ್ಚಾಗಿರುವುದು ಅಪರೂಪವಲ್ಲ. ಈ ಪಾಠದಲ್ಲಿ ಆ ಪರಿಚಯಕ್ಕೆ ಬೆಲೆ ಬರುತ್ತದೆ.

ಸಲಕರಣೆಯ ಮಾತನ್ನೂ ಹೇಳಬೇಕು. ಪ್ರತಿ ಶಾಲೆಗೂ ಒಂದು ಪೆಟ್ಟಿಗೆ ತುಂಬ ಸಾಮಾನು ಕೊಡುತ್ತಿದ್ದರು. ಆದರೆ ಎಷ್ಟೋ ವಸ್ತುಗಳು ಊರಿನಲ್ಲಿಯೇ ದೊರೆಯುತ್ತಿದ್ದುವು. ಹೂವಿನ ಭಾಗಗಳನ್ನು ಬಿಡಿಸಿ ನೋಡಲು ಉಕ್ಕಿನ ಸೂಜಿಯ ಬದಲು ಜಾಲಿಯ ಮುಳ್ಳು ಸಾಕಾಯಿತು. 1978ರಲ್ಲಿ ಇಲ್ಲಿಗೆ ಬಂದ ಇಂಜಿನಿಯರು ಅರವಿಂದ ಗುಪ್ತರು ಬೈಸಿಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿಗಳನ್ನು ಸಿಕ್ಕಿಸಿ ರೇಖಾಗಣಿತದ ಆಕೃತಿಗಳನ್ನು ಮಾಡುವ ಉಪಾಯವನ್ನು ಕಂಡುಹಿಡಿದರು. ನಾಲ್ಕು ಕಡ್ಡಿಗಳ ಚೌಕ ಒತ್ತಿದರೆ ಓರೆಯಾಗುತ್ತದೆ, ಮೂರು ಕಡ್ಡಿಗಳ ತ್ರಿಕೋನ ಅಲುಗುವುದಿಲ್ಲ. ಸೇತುವೆಗಳ ಉಕ್ಕಿನ ತೊಲೆಗಳನ್ನು ಏಕೆ ತ್ರಿಕೋನಗಳಾಗಿ ಜೋಡಿಸುತ್ತಾರೆಂಬುದು ಆಗ ಬೆರಳಿಗೇ ತಿಳಿಯುತ್ತದೆ.

ಇಷ್ಟೆಲ್ಲ ಸುಲಭವಾಗಿ ನಡೆಯಿತೆಂದು ಯಾರೂ ತಿಳಿಯಬಾರದು. ತಮ್ಮ ವಿಷಯವನ್ನು ಚೆನ್ನಾಗಿ ಬಲ್ಲ ವಿಜ್ಞಾನಿಗೆ ಅದನ್ನು ಹೇಳದೆ ಸುಮ್ಮನಿರುವುದು ಕಷ್ಟ. ಮಕ್ಕಳ ಪುಸ್ತಕವಾದ ‘ಬಾಲ ವೈಜ್ಞಾನಿಕ’ದಲ್ಲಿ ಪ್ರಯೋಗದ ಸೂಚನೆಗಳೂ ಪ್ರಶ್ನೆಗಳೂ ಇದ್ದುವೇ ಹೊರತು ಉತ್ತರಗಳಿರಲಿಲ್ಲ. ಅಧ್ಯಾಯಗಳನ್ನು ತರಗತಿಯಲ್ಲಿ ಪರೀಕ್ಷಿಸಿ, ಉಪಾಧ್ಯಾಯರು ತಿಂಗಳ ಸಭೆಗಳಲ್ಲಿ ತಂದ ಆಕ್ಷೇಪಗಳನ್ನು ಕೇಳಿ, ಮತ್ತೆ ಬರೆಯಬೇಕಾಯಿತು. ಉಪಾಧ್ಯಾಯರ ಕಷ್ಟ ಇದಕ್ಕಿಂತ ದೊಡ್ಡದು. ನೋಟ್ಸು ಬರೆಸಿ ನಿಶ್ಚಿಂತರಾಗಿದ್ದವರ ಮುಂದೆ ಮಕ್ಕಳು ದಿನವೂ ಗೊತ್ತಿಲ್ಲದ ಪ್ರಶ್ನೆಗಳನ್ನು ತಂದು ನಿಲ್ಲಿಸುತ್ತಿದ್ದರು. ‘ಸವಾಲಿರಾಮ’ನೆಂಬ ಕಲ್ಪಿತ ವ್ಯಕ್ತಿಯೊಬ್ಬನ ಹೆಸರಿಗೆ ಮಕ್ಕಳು ಪತ್ರ ಬರೆದು ಪ್ರಶ್ನೆ ಕೇಳಬಹುದೆಂಬ ಏರ್ಪಾಡು ಇದ್ದಿತು, ಅವನ ಪರವಾಗಿ ಉತ್ತರ ಬರೆಯುವ ಶ್ರಮ ಕಾರ್ಯಕರ್ತರಿಗೆ ಬಿದ್ದಿತು.

ಪರೀಕ್ಷೆಯನ್ನು ಬದಲಾಯಿಸದೆ ಬೋಧನೆಯನ್ನು ಬದಲಾಯಿಸಲಾಗದೆಂಬುದನ್ನು ಇವರು ಬೇಗನೆ ಅರಿತುಕೊಂಡರು. ಎಂಟನೆಯ ತರಗತಿಯ ಸಾರ್ವಜನಿಕ ಪರೀಕ್ಷೆಯಲ್ಲಿಯೇ ವಿಜ್ಞಾನಕ್ಕೆ ಪ್ರಯೋಗಪರೀಕ್ಷೆಯಿತ್ತು. ಲಿಖಿತ ಪರೀಕ್ಷೆಗೆ ಪುಸ್ತಕವನ್ನೂ ತಮ್ಮ ಟಿಪ್ಪಣಿಯನ್ನೂ ತೆರೆದಿಟ್ಟುಕೊಳ್ಳಬಹುದಾಗಿತ್ತು. ಪುಸ್ತಕ ತೆರೆದಿರುವಾಗ ಅದರಲ್ಲಿ ಇರುವುದನ್ನೇ ಕೇಳಿ ಪ್ರಯೋಜನವಿಲ್ಲವಷ್ಟೆ. ಪ್ರಶ್ನೆ ಕೇಳುವವರೂ ಯೋಚಿಸಬೇಕಾಯಿತು. ನಮ್ಮ ಅಭಿಪ್ರಾಯದಲ್ಲಿ ಇಡೀ ಪ್ರಯತ್ನದಲ್ಲಿ ಅತ್ಯಂತ ದಿಟ್ಟವಾದ ಹೆಜ್ಜೆ ಇದೇ.

1978ರಲ್ಲಿ ಈ ಪದ್ಧತಿ ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಹರಡಿತು. 1982ರಲ್ಲಿ ಇದನ್ನು ಮುಂದುವರಿಸಲೆಂದೇ ‘ಏಕಲವ್ಯ’ ಎಂಬ ಸಂಸ್ಥೆ ಹುಟ್ಟಿತು (ಗುರುವಿನ ಪಾಠವಿಲ್ಲದೆ ಕಲಿತವನ ಹೆಸರನ್ನು ಆರಿಸಿದವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು). ಕಾಲಕ್ರಮದಲ್ಲಿ ಬೇರೆ ಜಿಲ್ಲೆಗಳೂ ಸೇರಿ ಸುಮಾರು ಒಂದು ಸಾವಿರ ಶಾಲೆಗಳಲ್ಲಿ ಮಕ್ಕಳು ಹೀಗೆ ವಿಜ್ಞಾನ ಕಲಿತರು. 2002ರಲ್ಲಿ ರಾಜ್ಯ ಸರಕಾರವು ಈ ಕಾರ್ಯಕ್ರಮವನ್ನು ನಿಲ್ಲಿಸಿ, ಈ ಶಾಲೆಗಳಿಗೂ ರಾಜ್ಯದ ಸಾಮಾನ್ಯ ಪುಸ್ತಕಗಳನ್ನೇ ಗೊತ್ತುಮಾಡಿತು. ದೇಶದ ಅನೇಕ ವಿಜ್ಞಾನಿಗಳು ಇದನ್ನು ವಿರೋಧಿಸಿದರು, ಫಲವಾಗಲಿಲ್ಲ.

ಇಂತಹ ಕಲಿಕೆಯನ್ನು ಕುರಿತು ತಂದೆತಾಯಿಗಳಲ್ಲಿ ಏಳುವ ಆಕ್ಷೇಪವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಎಂಟನೆಯ ತರಗತಿಯವರೆಗೆ ಕೈಯಿಂದ ಮಾಡಿ ಕಲಿತ ಬಾಲಕನು ಒಂಬತ್ತನೆಯ ತರಗತಿಗೆ ಹೋದೊಡನೆ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದವರ ಜೊತೆಯಲ್ಲಿ ಅದೇ ಹಳೆಯ ಪರೀಕ್ಷೆಗೆ ಕೂರಬೇಕಾಗುತ್ತದೆ. ಅವನಿಗೆ ನಷ್ಟವಾದೀತೆಂಬ ಅಂಜಿಕೆ ಸಹಜವೇ. ಆದರೆ ಈ ದೋಷ ಮೂರು ತರಗತಿಗಳ ಪ್ರಯೋಗದ್ದೋ, ಅದರ ಮುಂದಿನ ತರಗತಿಗಳದ್ದೋ? ಮೂವತ್ತು ವರ್ಷಗಳಲ್ಲಿ ಪ್ರೌಢಶಾಲೆಯ ಪರೀಕ್ಷೆ ಒಂದು ಹೆಜ್ಜೆಯಾದರೂ ಇತ್ತ ಬಂದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಬೇರು ಮತ್ತು ಎಲೆಯ ಪಾಠವನ್ನು ನಮ್ಮ ಓದುಗರು ತಮ್ಮ ಹಿತ್ತಲಿನಲ್ಲಿಯೇ ಮಾಡಿ ನೋಡಬಹುದು. ಇಪ್ಪತ್ತು ಬಗೆಯ ಗಿಡಗಳನ್ನಾದರೂ ಆರಿಸಿಕೊಳ್ಳಿರಿ. ಬೀಜದಿಂದ ಬೆಳೆದ ಗಿಡವನ್ನೂ ಕಡ್ಡಿ ನೆಟ್ಟು ಬೆಳೆಸಿದ ಗಿಡವನ್ನೂ ಬೇರೆ ಬೇರೆಯಾಗಿ ಬರೆಯಿರಿ. ಕಡ್ಡಿಯಿಂದ ಬೆಳೆದ ದಾಸವಾಳಕ್ಕೆ ತಾಯಿಬೇರು ಇರುವುದಿಲ್ಲ. ಕೋಷ್ಟಕ ಚೆನ್ನಾಗಿ ಹೊಂದಿಕೊಂಡಿತೆಂದು ತೋರಿದ ಬಳಿಕ ಕೆಸುವಿನ ಗಿಡವೊಂದನ್ನು ಕಿತ್ತು, ಅದರ ಎಲೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಅದರ ರಸ ತುರಿಕೆಯನ್ನುಂಟುಮಾಡುವುದರಿಂದ ಕೈಗೆ ಬಟ್ಟೆ ಸುತ್ತಿಕೊಂಡಿರಬೇಕು. ಸುರಹೊನ್ನೆಯ ಮರ ಹತ್ತಿರದಲ್ಲಿದ್ದರೆ ಅದರ ಎಲೆಯ ಪಕ್ಕದ ನರಗಳನ್ನೂ, ಮರದ ಕೆಳಗೆ ಮೊಳೆತ ಸಸಿಯ ಬೇರನ್ನೂ ನೋಡಿರಿ. ಇವೆರಡನ್ನೂ ಕೋಷ್ಟಕದ ಯಾವ ಕಡೆಗೆ ಬರೆಯುತ್ತೀರಿ?