ಮಳೆಯ ಮಂಗಳವಾರವೂ ಹೋಗಮ್ಮ

ನಿರಾಶ್ರಿತರಿಗೆ ಇಂಗ್ಲಿಷ್ ಕಲಿಸುವ ಗುಂಪಿಗೆ ಸೇರಬೇಕೆಂದಿದ್ದೀಯಂತೆ. ನಿನ್ನಮ್ಮ ಊರಿಂದ ಗಾಬರಿಯಾಗಿ ಫೋನ್ ಮಾಡಿದ್ದಳು. "ನಮಗ್ಯಾಕೆ ಆ ಗೊಡವೆ? ನಾವು ವೀಸಾ ತಗೊಂಡು ಬಂದವರು, ಅವರು ದೋಣಿ ಹತ್ತಿ ಬಂದವರು" ಎನ್ನುವ ಮಾತನ್ನು ಇಲ್ಲಿ ಇಂಗ್ಲೆಂಡಿನಲ್ಲೂ ನಮ್ಮವರ ಯುಗಾದಿ ಊಟದ ಪಂಕ್ತಿಯಲ್ಲೇ ಕೇಳಿದ್ದೇನೆ. 2024ರ ಆಗಸ್ಟ್‌ನಲ್ಲಿ ಮಿಡಲ್ಸ್‌ಬ್ರೊ ಬೀದಿಯಲ್ಲಿ ಕಾರು ತಡೆದ ಗಲಭೆಕೋರರು ಯಾರ ವೀಸಾವನ್ನೂ ಕೇಳಲಿಲ್ಲ. ಬಿಳಿಯನಾ, ಇಂಗ್ಲಿಷನಾ ಎಂದಷ್ಟೇ ಕೇಳಿದರು.

ಆ ಗಲಭೆ ಹೇಗೆ ಹೊತ್ತಿಕೊಂಡಿತು ಅಂತ ತಿಳಿದಿರಲಿ. ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತು. ಕೊಂದವನು ದೋಣಿಯಲ್ಲಿ ಬಂದವನು ಎಂಬ ಸುಳ್ಳು ಮೊಬೈಲಿನಿಂದ ಮೊಬೈಲಿಗೆ ಓಡಿತು. ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ ಎಂದು ಪೊಲೀಸರು ಹೇಳಿದರೂ ಕೇಳುವವರಿರಲಿಲ್ಲ. ಮಾರನೇ ದಿನ ಅಲ್ಲಿನ ಮಸೀದಿಗೆ ಕಲ್ಲು ಬಿತ್ತು. ಆಗಸ್ಟ್ 4ರಂದು ರಾದರಮ್ ಬಳಿ, ಆಶ್ರಯ ಕೋರಿದವರು ಒಳಗಿರುವಾಗಲೇ ಹೋಟೆಲಿಗೆ ಬೆಂಕಿ ಇಡಲು ನೋಡಿದರು. ಸೌತ್‌ಪೋರ್ಟ್‌ನಲ್ಲಿ ಕಲ್ಲು ಬಿದ್ದ ಮರುದಿನ ಬೆಳಗಾಗುತ್ತಲೇ ಊರಿನವರು ಪೊರಕೆ, ಇಟ್ಟಿಗೆ ಹಿಡಿದು ಬಂದು ಮಸೀದಿಯ ಗೋಡೆ ಕಟ್ಟಿಕೊಟ್ಟರು ಅನ್ನುವುದನ್ನೂ ಮರೆಯಬೇಡ. ಆಗಸ್ಟ್ 7ರಂದು ಸಾವಿರಾರು ಜನ ದ್ವೇಷದ ವಿರುದ್ಧ ಬೀದಿಗಿಳಿದರು.

ಅಂಥ ದಿನ ಜನ ಬರುತ್ತಾರೆ. ನವೆಂಬರಿನ ಮಳೆ ಹೊಯ್ಯುವ ಮಂಗಳವಾರ ಬರುವುದಿಲ್ಲ. ಕೆಲಸ ಇರುವುದು ಆವತ್ತೇ. ಆಶ್ರಯ ಕೋರಿದವರು ಮೊದಲ ಹನ್ನೆರಡು ತಿಂಗಳು ದುಡಿಯುವ ಹಾಗೇ ಇಲ್ಲ. 2024ರಲ್ಲಿ ಸರ್ಕಾರ ಅವರಿಗೆ ವಾರಕ್ಕೆ ಕೊಡುತ್ತಿದ್ದುದು 49 ಪೌಂಡು ಚಿಲ್ಲರೆ. ಊಟವಿರುವ ಹೋಟೆಲಿನಲ್ಲಿದ್ದರೆ 9 ಪೌಂಡೂ ಇಲ್ಲ. ಅದರಲ್ಲಿ ನಿನ್ನ ಪಾಠಕ್ಕೆ ಬರಲು ಬಸ್ಸಿಗೇ ಎಷ್ಟು ಹೋಗುತ್ತದೆ, ಲೆಕ್ಕ ಹಾಕು. ಹಾಗಾಗಿ ಬಸ್ ಟಿಕೆಟ್ಟಿಗೆ ದುಡ್ಡು ಕೂಡಿಸುವುದು, ಡಾಕ್ಟರ ಹತ್ತಿರ ಹೆಸರು ಬರೆಸುವುದು, ಮಕ್ಕಳ ಶಾಲೆಯ ಅರ್ಜಿ ತುಂಬಿಸುವುದು, ಇವೂ ಪಾಠದಷ್ಟೇ ಮುಖ್ಯ. ಆಶ್ರಯ ಮಂಜೂರಾಯಿತು ಎಂದು ಹಿಗ್ಗಿ ಸುಮ್ಮನಾಗಬೇಡ. ಸರ್ಕಾರದ ಕೋಣೆ ಬಿಡುವ ಗಡುವು ಶುರುವಾಗುವುದೇ ಆಮೇಲೆ. ಬೀದಿಗೆ ಬೀಳುವವರು ಆಗಲೇ ಬೀಳುತ್ತಾರೆ.

ಆದರೆ ವಲಸೆ ಕಾನೂನಿನ ಸಲಹೆ ಮಾತ್ರ ಕೊಡಬೇಡ. ನೋಂದಣಿ ಇಲ್ಲದವರು ಕೊಟ್ಟರೆ ಈ ದೇಶದಲ್ಲಿ ಅದು ಅಪರಾಧ. ಬಲ್ಲವರ ಹತ್ತಿರ ಕಳಿಸು. ಪಾಠಕ್ಕೆ ಬರುವವರ ಫೋಟೊ ತೆಗೆದು ಎಲ್ಲಿಯೂ ಹಾಕಬೇಡ, ಹಿಂದೆ ಉಳಿದ ಅವರ ಮನೆಯವರ ಪ್ರಾಣದ ಪ್ರಶ್ನೆ ಅದು. ಹೇಗೆ ಬಂದಿರಿ, ಯಾರು ಸತ್ತರು ಅಂತ ಕೆದಕಲೂಬೇಡ.

ಇನ್ನು ಅಕ್ಕಪಕ್ಕದವರು. ಗೊಣಗುವವರೆಲ್ಲ ದ್ವೇಷಿಗಳಲ್ಲ ಕಣಮ್ಮ. ಬಾಡಿಗೆ ಮನೆ ಸಿಗದ, ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗದ ಸಿಟ್ಟು ನಿಜವಾದದ್ದೇ. ಆ ಸಿಟ್ಟನ್ನು ಬಡವರಲ್ಲೇ ಬಡವರ ಕಡೆ ತಿರುಗಿಸುವವರು ಬೇರೆ ಇದ್ದಾರೆ. ಲಿವರ್‌ಪೂಲಿನ ಅಬ್ದುಲ್ಲಾ ಕ್ವಿಲಿಯಮ್ ಮಸೀದಿಯ ಇಮಾಮ್ ಆಡಮ್ ಕೆಲ್ವಿಕ್, ಆ ಗಲಭೆಯ ದಿನಗಳಲ್ಲಿ ಮಸೀದಿ ಎದುರು ಪ್ರತಿಭಟಿಸಲು ಬಂದವರಿಗೇ ತಿಂಡಿ ಕೊಟ್ಟು ಮಾತಿಗೆಳೆದರು. ಕೆಲವರು ಅಪ್ಪಿಕೊಂಡು ಹೋದರು. ಅಂಥ ಧೈರ್ಯ ಎಲ್ಲರಿಗೂ ಬರುವುದಿಲ್ಲ, ನೀನು ತೋರಿಸಲೂ ಬೇಡ. ಕಲ್ಲು ಹಿಡಿದವರನ್ನು ಪೊಲೀಸರಿಗೆ ಬಿಡು. ಪಾಠದ ಕೊನೆಯ ಚಹಾಕ್ಕೆ ಪಕ್ಕದ ಬೀದಿಯವರನ್ನೂ ಕರೆ, ಸಾಕು.

ಸ್ವಯಂಸೇವೆಗೆ ನಿನ್ನ ವಿದ್ಯಾರ್ಥಿ ವೀಸಾದ ನಿಬಂಧನೆ ಏನೆಂದು ವಿಶ್ವವಿದ್ಯಾಲಯದ ಕಚೇರಿಯಲ್ಲಿ ಮೊದಲೇ ಕೇಳಿಕೊ. ಕತ್ತಲಾದ ಮೇಲೆ ಜೊತೆ ಇಲ್ಲದೆ ಹೊರಡಬೇಡ. ವಾರಕ್ಕೊಂದೇ ಸಂಜೆ ಒಪ್ಪಿಕೊ, ಒಪ್ಪಿಕೊಂಡದ್ದನ್ನು ತಪ್ಪಿಸಬೇಡ. ನಿನ್ನಮ್ಮನಿಗೆ ನಾನು ಹೇಳುತ್ತೇನೆ.