ಕತ್ತಿಯ ತೂಕ ಎಲ್ಲಿರಬೇಕು?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರ ಮನೆಗಳಲ್ಲಿ ಎರಡು ಬಗೆಯ ಕತ್ತಿಗಳನ್ನು ಕಾಣುತ್ತೇವೆ: ಸೊಪ್ಪಿನ ಬೆಟ್ಟದಲ್ಲಿ ಕೊಂಬೆ ಕಡಿಯುವ ಬಾಗುಮೂತಿಯ ಕತ್ತಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ. ಮೆಟ್ಟುಗತ್ತಿಯ ಅಲಗು ನಿಂತಲ್ಲೇ ನಿಂತಿರುತ್ತದೆ. ಕಾಯಿಯನ್ನು ಅದಕ್ಕೆ ಒತ್ತುತ್ತಾರೆ. ಆದುದರಿಂದ ಅದು ಹರಿತವಾಗಿದ್ದು ಅಲುಗದಿದ್ದರೆ ಸಾಕು. ಬೀಸುವ ಕತ್ತಿಯ ವಿಚಾರ ಹಾಗಲ್ಲ.

ಕೊಂಬೆಗೆ ಏಟು ಬಿದ್ದಾಗ ಕೆಲವೊಮ್ಮೆ ಅಂಗೈ ಜುಮ್ಮೆನ್ನುವುದೇಕೆ? ಕತ್ತಿಯು ಹಿಡಿಯ ತುದಿಯ ಸುತ್ತ ತಿರುಗುವುದೆಂದು ಭಾವಿಸೋಣ. ಏಟು ಒಂದು ನಿಯತ ಬಿಂದುವಿಗೆ ಬಿದ್ದರೆ ಮಾತ್ರ ಹಿಡಿಯು ಕೈಯನ್ನು ಒದೆಯುವುದಿಲ್ಲ. ಇದೇ ಆಘಾತಕೇಂದ್ರ. ಉದ್ದಕ್ಕೂ ಸಮತೂಕವಿರುವ 45 ಸೆಂ.ಮೀ. ಪಟ್ಟಿಯಲ್ಲಿ ಅದು ಉದ್ದದ 2/3 ರಲ್ಲಿ, ಎಂದರೆ ಹಿಡಿಯ ತುದಿಯಿಂದ 30 ಸೆಂ.ಮೀ. ದೂರದಲ್ಲಿರುತ್ತದೆ. ಪಟ್ಟಿಯ ಅರ್ಧ ತೂಕದಷ್ಟು ಕಬ್ಬಿಣವನ್ನು ಮೂತಿಗೆ ಸೇರಿಸಿದರೆ ಅದು 5/6 ಕ್ಕೆ, 37.5 ಸೆಂ.ಮೀ.ಗೆ ಸರಿಯುತ್ತದೆ. ಕಮ್ಮಾರನು ಮೂತಿಯನ್ನು ಅಗಲಿಸಿ ತೂಕವನ್ನು ಅತ್ತ ಒಯ್ದಂತೆಲ್ಲ ಈ ಬಿಂದುವೂ ಕಡಿಯುವ ಬಾಗಿನತ್ತ ಸಾಗುತ್ತದೆ.

ಹಾಗಾದರೆ ಇನ್ನಷ್ಟು ಕಬ್ಬಿಣ ಸೇರಿಸಬಾರದೇಕೆ? ಮೇಲಿನ ಉದಾಹರಣೆಯಲ್ಲಿ ತೂಕ ಹೆಚ್ಚಿದ್ದು ಒಂದೂವರೆ ಪಟ್ಟಿಗೆ. ಜಡತ್ವದ ಮಹತ್ತ್ವ ಮಾತ್ರ ಎರಡೂವರೆ ಪಟ್ಟಾಯಿತು! ಬೆಳಗಿನಿಂದ ಸಂಜೆಯವರೆಗೆ ಸೊಪ್ಪು ಕಡಿಯುವ ತೋಳಿಗೆ ಇದು ಸಣ್ಣ ಮಾತಲ್ಲ. ಜಡತ್ವವು ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೇ ಇದಕ್ಕೆ ಕಾರಣ.

ನಿಮ್ಮ ಮನೆಯ ಕತ್ತಿಯನ್ನೇ ಪರೀಕ್ಷಿಸಬಹುದು. ಅಲಗಿಗೆ ದಪ್ಪ ಬಟ್ಟೆ ಸುತ್ತಿ, ಹಿಡಿಯ ತುದಿಯಿಂದ ಭದ್ರವಾಗಿ ತೂಗುಹಾಕಿ, ಮೆಲ್ಲನೆ ತೂಗಿಸಿ. ಪಕ್ಕದಲ್ಲಿ ದಾರಕ್ಕೆ ಸಣ್ಣ ಕಲ್ಲು ಕಟ್ಟಿ, ಎರಡೂ ಒಂದೇ ಲಯದಲ್ಲಿ ತೂಗುವವರೆಗೆ ದಾರದ ಉದ್ದವನ್ನು ಹೊಂದಿಸಿ. ಕಲ್ಲಿನ ನಡುವಿನವರೆಗಿನ ಆ ಉದ್ದವನ್ನು ಕತ್ತಿಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿ. ಗುರುತು ನೀವು ಕಡಿಯುವ ಜಾಗಕ್ಕಿಂತ ಬಹಳ ಹಿಂದೆ, ಹಿಡಿಯತ್ತ ಬಿದ್ದಿತೇ? ಕೈ ಜುಮ್ಮೆನ್ನಿಸುವ ಕತ್ತಿ ಅದು.